ಮಾರ್ಜಿಯಾಳ ಪೀಪಾಯಿಗಳು

ಊರಿನವರು ದಿಲ್ವಾಳ ನಾಲಿಗೆಯನ್ನು ನಂಬುತ್ತಿದ್ದರು. ಮೊದೆನಾ ಪಟ್ಟಣದಿಂದ ಬೆಟ್ಟದ ಕಡೆಗೆ ಹೋಗುವ ದಾರಿಯಲ್ಲಿ, ಚೆರ್ರಿ ತೋಟಗಳ ನಡುವೆ ಚದುರಿಕೊಂಡಿರುವ ಊರು ಅದು. ಅಲ್ಲಿನ ಹಳೆಯ ಮನೆಗಳ ಅಟ್ಟದಲ್ಲೆಲ್ಲ ವಿನೆಗರಿನ ಪೀಪಾಯಿಗಳಿವೆ. ಯಾರ ಮನೆಯ ವಿನೆಗರ್ ಕೆಟ್ಟಿತೆಂಬ ಅನುಮಾನ ಬಂದರೂ ಪುಟ್ಟ ಸೀಸೆಯೊಂದು ದಿಲ್ವಾಳ ಅಡುಗೆಮನೆಗೆ ಬರುತ್ತಿತ್ತು. ಅವಳು ಒಂದು ಹನಿಯನ್ನು ಹೆಬ್ಬೆರಳಿನ ಬುಡದಲ್ಲಿ ಬಿಟ್ಟುಕೊಂಡು ನೆಕ್ಕುತ್ತಿದ್ದಳು. ಆಮೇಲೆ ಕಿಟಕಿಯ ಕಡೆ ನೋಡುತ್ತ ನಿಲ್ಲುತ್ತಿದ್ದಳು. ಸೀಸೆ ತಂದವರು ಅಷ್ಟು ಹೊತ್ತು ಮಾತಾಡುತ್ತಿರಲಿಲ್ಲ.

ನಾದಿನಿಯ ಮಗನ ಮದುವೆಯ ಊಟದಲ್ಲಿ ನಡೆದದ್ದನ್ನು ಊರಿನವರು ಈಗಲೂ ಹೇಳಿಕೊಂಡು ನಗುತ್ತಾರೆ. ಹೋಟೆಲಿನ ಯಜಮಾನ ತಾನೇ ಮೇಜಿನಿಂದ ಮೇಜಿಗೆ ಬಂದು, ಗಟ್ಟಿ ಚೀಸಿನ ತುಂಡುಗಳ ಮೇಲೆ ಕಪ್ಪು ವಿನೆಗರನ್ನು ಹನಿ ಹನಿಯಾಗಿ ಬಿಡುತ್ತಿದ್ದ. ಗಂಗಾಜಲ ಹಂಚುವವನ ಗತ್ತು ಅವನಲ್ಲಿತ್ತು. ದಿಲ್ವಾ ಬಾಯಿಗಿಟ್ಟುಕೊಂಡವಳು ತಟ್ಟೆ ನೋಡುತ್ತ ಮೆಲ್ಲಗೆ, “ಸುಟ್ಟ ಸಕ್ಕರೆ” ಎಂದಳು.

“ಏನಮ್ಮಾ?”

“ಏನಿಲ್ಲಪ್ಪ. ಸುಟ್ಟ ಸಕ್ಕರೆ ಇದೆ ಇದರಲ್ಲಿ.”

“ಸೀಸೆ ಮೇಲೆ ಮುದ್ರೆ ಇದೆ ನೋಡಿ. ಎಂಥಾ ಬೆಲೆ ಗೊತ್ತಾ ಇದಕ್ಕೆ?”

“ಮುದ್ರೆ ಸೀಸೆ ಮೇಲಿದೆ. ನಾನು ಸೀಸೆ ತಿನ್ನಲಿಲ್ಲವಲ್ಲ.”

ಮೇಜಿನ ಕೆಳಗೆ ಮಗಳು ಮಾರ್ಜಿಯಾ ಅವಳ ಕಾಲಿಗೆ ಒದ್ದಳು. “ಅಮ್ಮಾ, ಇದು ಮದುವೆ ಊಟ. ಪರೀಕ್ಷೆ ಅಲ್ಲ. ಸುಮ್ಮನೆ ನುಂಗು.”

“ನುಂಗಿದೆನಲ್ಲ,” ಎಂದಳು ದಿಲ್ವಾ. ಮೇಜಿನವರೆಲ್ಲ ನಕ್ಕರು. ಮಾರ್ಜಿಯಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಈ ನಾಲಿಗೆ ಹುಟ್ಟಿನಿಂದ ಬಂದದ್ದಲ್ಲ. ದಿಲ್ವಾ ನದಿಯ ಕಡೆಯ ತಗ್ಗು ಊರಿನಿಂದ ಮದುವೆಯಾಗಿ ಬಂದವಳು. ತವರಿನಲ್ಲಿ ವಿನೆಗರ್ ಎಂದರೆ ಸೊಪ್ಪಿನ ಮೇಲೆ ಸುರಿಯುವ ಹುಳಿನೀರು, ಅಷ್ಟೆ. ಕಲಿಸಿದವಳು ಅತ್ತೆ ಆರ್ಜಿಯಾ. ಕಣ್ಣು ಮುಚ್ಚಿಸಿ, ಚಮಚದ ತುದಿಯಲ್ಲಿ ಹನಿ ಕೊಟ್ಟು, “ನುಂಗಬೇಡ, ಕಾದು ನೋಡು” ಎನ್ನುತ್ತಿದ್ದಳು. “ಮೊದಲು ಸಿಹಿ ಬರುತ್ತೆ. ಅದು ಎಲ್ಲರಿಗೂ ಗೊತ್ತಾಗುತ್ತೆ. ಅದರ ಹಿಂದೆ ಯಾರು ಬರ್ತಾರೆ ನೋಡು. ಹುಳಿ ಬಂದು ಸಿಹಿಯ ಕೈ ಹಿಡೀಬೇಕು. ಒಂದು ಮುಂದೆ, ಒಂದು ಹಿಂದೆ ಓಡಿದರೆ ಅದು ನಮ್ಮದಲ್ಲ, ಬಜಾರಿನದು.” ದಿಲ್ವಾಳಿಗೆ ವರ್ಷಗಟ್ಟಲೆ ಸಿಹಿ ಬಿಟ್ಟು ಬೇರೇನೂ ತಿಳಿಯಲಿಲ್ಲ. ಒಂದು ದಿನ ಚೆರ್ರಿ ಮರದ ವಾಸನೆ ತಿಳಿಯಿತು. ಅತ್ತೆ ಅವಳ ಕೆನ್ನೆ ತಟ್ಟಿ ಒಳಗೆ ಹೋದಳು. ಆ ಮನೆಯಲ್ಲಿ ಹೊಗಳಿಕೆ ಎಂದರೆ ಅಷ್ಟೆ.

ಮಾರ್ಜಿಯಾ ಹುಟ್ಟಿದಾಗ ಆರ್ಜಿಯಾ ಊರಿನ ವಾಡಿಕೆಯಂತೆ ಐದು ಪೀಪಾಯಿ ಮಾಡಿಸಿದಳು. ಹೆಣ್ಣು ಮಗು ಹುಟ್ಟಿದ ಮನೆಯಲ್ಲಿ ಅವಳ ಹೆಸರಿನಲ್ಲಿ ವಿನೆಗರ್ ಹೂಡುವುದು, ಮದುವೆಯಾದಾಗ ಅದನ್ನು ಅವಳ ಜೊತೆಯಲ್ಲಿ ಕಳಿಸುವುದು ಅಲ್ಲಿನ ಪದ್ಧತಿ. ಎಲ್ಲಕ್ಕಿಂತ ದೊಡ್ಡದು ಹಿಪ್ಪುನೇರಳೆ ಮರದ್ದು. ಆಮೇಲೆ ಚೆಸ್ಟ್‌ನಟ್, ಚೆರ್ರಿ, ಓಕ್. ಕೊನೆಯದು ಜುನಿಪರ್ ಮರದ್ದು, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಳ್ಳಬಹುದಾದಷ್ಟು ಚಿಕ್ಕದು. ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ, ಚಿಕ್ಕದರಲ್ಲಿ ಇಂಗಿದ್ದಷ್ಟನ್ನು ಅದರ ಪಕ್ಕದ್ದರಿಂದ ತುಂಬಬೇಕು. ಅದನ್ನು ಅದರ ಪಕ್ಕದ್ದರಿಂದ. ಹೀಗೆ ಬಂದು, ಆ ವರ್ಷ ಕಾಯಿಸಿದ ಹೊಸ ದ್ರಾಕ್ಷಿರಸ ಬೀಳುವುದು ಎಲ್ಲಕ್ಕಿಂತ ದೊಡ್ಡದರಲ್ಲಿ ಮಾತ್ರ. ರಸವು ವರ್ಷ ವರ್ಷ ದೊಡ್ಡದರಿಂದ ಚಿಕ್ಕದರ ಕಡೆಗೆ ನಡೆಯುತ್ತದೆ, ನಡೆಯುತ್ತ ಮುದಿಯಾಗುತ್ತದೆ. ಒಂದು ಚಳಿಗಾಲ ತುಂಬದೆ ಬಿಟ್ಟರೆ ಬೇಸಿಗೆಯ ಕಾವಿಗೆ ಇಂಗಿ, ಹಲಗೆ ಒಣಗಿ ಸಂದು ಬಿಡುತ್ತದೆ. ಅಲ್ಲಿಗೆ ಪೀಪಾಯಿ ಸತ್ತ ಹಾಗೆ.

ಆರ್ಜಿಯಾ ತೀರಿಕೊಂಡ ಮೇಲೆ ಅಟ್ಟದ ಬೀಗದಕೈ ದಿಲ್ವಾಳ ಸೊಂಟಕ್ಕೆ ಬಂತು. ಗಂಡ ಎರ್ಮೆಸ್ ಹಸುಗಳ ಮನುಷ್ಯ. ಎರಡು ಹೊತ್ತು ಹಾಲು ಕರೆದು ಚೀಸ್ ಮಾಡುವವರಿಗೆ ಹಾಕಿ ಬಂದರೆ ಅವನ ದಿನ ಮುಗಿಯುತ್ತಿತ್ತು. ಅಟ್ಟ ಹೆಂಗಸರದ್ದು, ಕೊಟ್ಟಿಗೆ ಗಂಡಸರದ್ದು. ಆ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ದಾಟಿದ್ದೂ ಇಲ್ಲ.

ಮಾರ್ಜಿಯಾ ಮೊದೆನಾದಲ್ಲಿ ಹಲ್ಲಿನ ಡಾಕ್ಟರೊಬ್ಬರ ಬಳಿ ಕೆಲಸಕ್ಕಿದ್ದಳು. ನವೆಂಬರಿನ ಒಂದು ಸಂಜೆ ದಟ್ಟ ಮಂಜಿನಲ್ಲಿ ಮನೆಗೆ ಬರುವಾಗ ಅವಳ ಕಾರು ಕಾಲುವೆಗೆ ಬಿತ್ತು. ಇಪ್ಪತ್ತನಾಲ್ಕು ವರ್ಷದ ಹುಡುಗಿ ಉಳಿಯಲಿಲ್ಲ.

ಆ ವಾರ ಮನೆ ತುಂಬ ಜನ. ಒಬ್ಬರಲ್ಲ ಒಬ್ಬರು ಪಾತ್ರೆಯಲ್ಲಿ ಸಾರು ತಂದಿಟ್ಟು ಹೋಗುತ್ತಿದ್ದರು. ದಿಲ್ವಾ ಕುಡಿದಳು. ಕೊಬ್ಬಿದ ಹುಂಜ, ಸೆಲರಿ ಹೆಚ್ಚಾಗಿದೆ, ಉಪ್ಪು ಕಡಿಮೆ, ಚಿಟಿಕೆ ಜಾಯಿಕಾಯಿ. ನಾಲಿಗೆ ಎಲ್ಲವನ್ನೂ ಮೊದಲಿನಂತೆಯೇ ಹೇಳುತ್ತಿತ್ತು. ಅವಳಿಗೆ ಅದು ಪಕ್ಕದ ಮನೆಯ ರೇಡಿಯೋದಂತೆ ಕೇಳಿಸುತ್ತಿತ್ತು. ಅಳು ಬರಲಿಲ್ಲ. ಬರಬೇಕೆಂದೂ ಅನ್ನಿಸಲಿಲ್ಲ. ಬಟ್ಟೆ ಒಗೆದಳು, ಹಿಟ್ಟು ನಾದಿದಳು. ಭಾನುವಾರ ಚರ್ಚಿಗೆ ಹೋಗಿ ಜಪಮಣಿ ಎಣಿಸಿದಳು. ತುಟಿ ಆಡುತ್ತಿತ್ತು. ಪಾದ್ರಿ ಅನ್ಸೆಲ್ಮೋ ವಯಸ್ಸಾದವರು. ಅವರು ಒಂದು ದಿನ ಬಾಗಿಲಲ್ಲಿ ತಡೆದು, “ಪ್ರಾರ್ಥನೆ ಬರ್ತಿಲ್ಲವಾ ಮಗಳೇ?” ಎಂದರು.

“ಬರ್ತಿದೆ ಸ್ವಾಮಿ. ಬರೀ ಮಾತು ಬರ್ತಿದೆ.”

“ಹಾಗಾದರೆ ಸುಮ್ಮನೆ ಕೂತಿದ್ದು ಹೋಗು. ಸುಮ್ಮನೆ ಕೂರೋರನ್ನ ಅವನು ಬೇಕಾದಷ್ಟು ನೋಡಿದ್ದಾನೆ.”

ಅವಳು ಹಾಗೇ ಮಾಡಿದಳು. ಕೂತಿದ್ದು ಬರುತ್ತಿದ್ದಳು.

ಚಳಿಗಾಲ ಬಂತು. ಎರ್ಮೆಸ್ ಒಮ್ಮೆ ಬೂಟು ಬಿಚ್ಚುತ್ತ, “ಅಟ್ಟಕ್ಕೆ ಹೋಗ್ತೀಯಾ?” ಎಂದು ಕೇಳಿದ.

“ನಾಳೆ.”

ಒಂದು ವಾರ ಬಿಟ್ಟು ಮತ್ತೆ ಕೇಳಿದ. ನಾಳೆ ಎಂದಳು. ಆ ವರ್ಷ ಮಾರ್ಜಿಯಾಳ ಪೀಪಾಯಿಗಳಿಗೆ ಇಪ್ಪತ್ತೈದು ತುಂಬುತ್ತಿತ್ತು. ಇಪ್ಪತ್ತೈದು ತುಂಬಿದ ವಿನೆಗರನ್ನು ರುಚಿ ನೋಡುವವರ ಮುಂದಿಟ್ಟು ಒಪ್ಪಿಗೆ ಪಡೆದರೆ, ಅತಿ ಹಳೆಯದು ಎಂಬ ಹೆಸರು ಸಿಗುತ್ತದೆ. ತಾಯಿ ಮಗಳು ಎಷ್ಟೋ ಸಲ ಆ ದಿನದ ಮಾತಾಡಿದ್ದರು. ಎಲ್ಲವೂ ದಿಲ್ವಾಳಿಗೆ ನೆನಪಿತ್ತು. ಪೀಪಾಯಿಗಳು ಒಣಗಲಿ ಎಂದು ಅವಳು ಬಯಸಲಿಲ್ಲ. ಒಣಗುತ್ತವೆ ಎಂದು ಗೊತ್ತಿತ್ತು, ಅಷ್ಟೆ. ಮಾರ್ಚಿನ ಹೊತ್ತಿಗೆ ಎರ್ಮೆಸ್ ಕೇಳುವುದನ್ನು ನಿಲ್ಲಿಸಿದ. ಅವನೂ ಕೈಬಿಟ್ಟನೆಂದುಕೊಂಡಳು.

ಮೇ ತಿಂಗಳಲ್ಲಿ ರುಚಿ ನೋಡುವ ಕೂಟಗಳು ಶುರುವಾದವು. ಪಕ್ಕದ ಮನೆಯ ನೀವೆಸ್ ಬಾಗಿಲು ತಟ್ಟದೆ ಒಳಗೆ ಬಂದಳು. ಇಬ್ಬರೂ ಎಷ್ಟೋ ವರ್ಷಗಳಿಂದ ಆ ಕೂಟದಲ್ಲಿ ಒಂದೇ ಮೇಜಿನಲ್ಲಿ ಕೂತು ಅಂಕ ಹಾಕಿದವರು.

“ಏಳು, ಕೋಟು ಹಾಕ್ಕೋ.”

“ನನಗೆ ಆಗಲ್ಲ ನೀವೆಸ್.”

“ಏನು ಆಗಲ್ಲ? ನಿನ್ನನ್ನೇನು ಹೊಲ ಉಳೋಕೆ ಕರೀತಿದೀನಾ? ನೀನಿಲ್ಲದಿದ್ರೆ ಮೇಜಲ್ಲಿ ನಾನು, ಮೇಷ್ಟ್ರು, ಆ ಔಷಧಿ ಅಂಗಡಿಯವನು. ಅವನಿಗೆ ಎಲ್ಲದರಲ್ಲೂ ಕೆಮ್ಮಿನ ಸಿರಪ್ಪೇ ಕಾಣತ್ತೆ ಮಾರಾಯ್ತಿ. ಹೋದ ಸಲ ಒಂದು ಒಳ್ಳೇ ವಿನೆಗರಿಗೆ, ದಿನಕ್ಕೆ ಮೂರು ಸಲ ಊಟದ ನಂತರ ಅಂದ.”

“ನನಗೆ ಏನೂ ಅನ್ನಿಸಲ್ಲ ಈಗ.”

ನೀವೆಸ್ ಗೂಟದಿಂದ ಕೋಟು ತೆಗೆದು ಅವಳ ಮಡಿಲಿಗೆ ಹಾಕಿದಳು. “ಅನ್ನಿಸೋದು ಬೇಡ. ಅಂಕ ಹಾಕು, ಸಾಕು.”

ಬೇಡವೆನ್ನುವುದಕ್ಕಿಂತ ಹೋಗುವುದೇ ಸುಲಭವಾಗಿತ್ತು. ದಿಲ್ವಾ ಹೋದಳು.

ಊರಿನ ಹಳೆಯ ಶಾಲೆಯ ಮೇಲಿನ ಕೋಣೆ. ಮೇಜಿಗೆ ನಾಲ್ಕು ಜನ, ನಡುವೆ ಒಂದು ಮೇಣದ ಬತ್ತಿ. ಸೀಸೆಗಳ ಮೇಲೆ ಬರೀ ಸಂಖ್ಯೆ. ಯಾವುದು ಯಾರ ಮನೆಯದೆಂದು ಕೂತವರಿಗೆ ತಿಳಿಯುವುದಿಲ್ಲ. ಹಿರಿಯ ಒರಿಯೆಲ್ಲೋ ಮೇಷ್ಟ್ರು ಸೀಸೆಯನ್ನು ಬತ್ತಿಯ ಮುಂದೆ ಹಿಡಿದು ವಾಲಿಸುತ್ತಾರೆ. ಕಪ್ಪು ರಸ ಗಾಜಿನ ಗೋಡೆಯ ಮೇಲೆ ಎಷ್ಟು ನಿಧಾನ ಇಳಿಯುತ್ತದೆಂದು ಎಲ್ಲರೂ ನೋಡುತ್ತಾರೆ, ಮೂಸುತ್ತಾರೆ. ಕೊನೆಗೆ ಒಂದೊಂದು ಹನಿ. ಅಂಕ ಹಾಕುವ ತನಕ ಮಾತಾಡುವ ಹಾಗಿಲ್ಲ.

ಮೊದಲಿನವು ಬಂದು ಹೋದವು. ಒಂದು ಚೆನ್ನಾಗಿತ್ತು. ಒಂದಕ್ಕೆ ಹಳೆಯ ಪೀಪಾಯಿಯ ಬೂಷ್ಟು ಹತ್ತಿತ್ತು. ದಿಲ್ವಾಳ ಕೈ ತಾನಾಗಿಯೇ ಬರೆಯಿತು. ನಾಲ್ಕನೆಯದನ್ನು ವಾಲಿಸಿದಾಗ ರಸ ಸ್ವಲ್ಪ ಬೇಗ ಇಳಿಯಿತು. ಅವಳು ಹನಿಯನ್ನು ಬಾಯಿಗಿಟ್ಟುಕೊಂಡು ಕಾದಳು. ಸಿಹಿ ಬಂತು, ಓಡಿ ಬಂತು. ಅದರ ಹಿಂದೆ ಬಹಳ ದೂರದಲ್ಲಿ ಬೇರೊಂದು ಇತ್ತು. ಅದು ಬರುತ್ತಲೇ ಇತ್ತು, ಈ ಸಿಹಿಯನ್ನು ಮುಟ್ಟಲಾರದೆ ಹೋಯಿತು. ಅವಳು ಆ ಮೇಜಿನಲ್ಲಿ ಎಂದೂ ಹಾಕದಷ್ಟು ಕಡಿಮೆ ಅಂಕ ಹಾಕಿ ಪೆನ್ನು ಕೆಳಗಿಟ್ಟಳು.

“ಮಾತಾಡಬಹುದು,” ಎಂದರು ಮೇಷ್ಟ್ರು. “ನನಗೆ ಇದು ಅರ್ಥವಾಗಲಿಲ್ಲ. ಒಂದೇ ಸೀಸೆಯಲ್ಲಿ ಅಜ್ಜನೂ ಇದ್ದಾನೆ, ಮೊಮ್ಮಗನೂ ಇದ್ದಾನೆ.”

“ಕೆಮ್ಮಿನ…” ಎಂದು ಔಷಧಿ ಅಂಗಡಿಯವನು ಶುರುಮಾಡಿದ.

“ನೀವು ಸುಮ್ಮನಿರಿ,” ಎಂದಳು ನೀವೆಸ್. “ದಿಲ್ವಾ, ನೀನು ಹೇಳು.”

“ಅಡಿಯಲ್ಲಿರೋದು ಒಳ್ಳೇದು,” ಎಂದಳು ದಿಲ್ವಾ. ಅಂಗಡಿಯ ಸಾಮಾನು ಹೇಳುವ ಧ್ವನಿ. “ತುಂಬ ಒಳ್ಳೇದು. ಜುನಿಪರ್ ಪೀಪಾಯಿ, ಇಪ್ಪತ್ತು ದಾಟಿದೆ. ಅದರ ಮೇಲೆ ಯಾರೋ ಹೋದ ವರ್ಷ ಕಾಯಿಸಿದ, ಇನ್ನೂ ಹಸಿಯಾಗಿರೋ ರಸ ಸುರಿದಿದ್ದಾರೆ. ಸೀದಾ ಚಿಕ್ಕದಕ್ಕೇ ಸುರಿದಿದ್ದಾರೆ.”

“ಅಯ್ಯೋ ದೇವರೇ! ಚಿಕ್ಕದಕ್ಕಾ?” ನೀವೆಸ್ ಮೇಜು ಬಡಿದು ನಕ್ಕಳು. “ಇದು ಗಂಡಸಿನ ಕೆಲಸ, ಬರೆದುಕೊಡ್ತೀನಿ. ಹೆಂಡತಿ ತವರಿಗೆ ಹೋಗಿರ್ತಾಳೆ. ಇವನು ಅಟ್ಟ ಹತ್ತಿ, ಟ್ರ್ಯಾಕ್ಟರಿಗೆ ಡೀಸೆಲ್ ತುಂಬೋ ಹಾಗೆ ತುಂಬಿರ್ತಾನೆ.”

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. “ಪಾಪ. ಏನೇ ಆಗಲಿ, ಅತಿ ಹಳೆಯದು ಅನ್ನೋ ಹೆಸರು ಇದಕ್ಕೆ ಕೊಡೋ ಹಾಗಿಲ್ಲ,” ಎಂದು ಸೀಸೆಯನ್ನು ಪಕ್ಕಕ್ಕೆ ಸರಿಸಿದರು.

ಹೊರಗೆ ಎರ್ಮೆಸ್ ಹಾಲಿನ ವ್ಯಾನು ನಿಲ್ಲಿಸಿಕೊಂಡು ಕಾಯುತ್ತಿದ್ದ. ಕೊಟ್ಟಿಗೆಯ ಬಟ್ಟೆಯಲ್ಲಿರಲಿಲ್ಲ, ಚರ್ಚಿಗೆ ಹಾಕುವ ಶರ್ಟು ಹಾಕಿಕೊಂಡಿದ್ದ. ವ್ಯಾನು ಹೊರಟ ಮೇಲೆ, “ಹೇಗಿದ್ವು ಇವತ್ತು?” ಎಂದು ಕೇಳಿದ. ಇಷ್ಟು ವರ್ಷದಲ್ಲಿ ಅವನು ಅದನ್ನು ಕೇಳಿದ್ದೇ ಇಲ್ಲ.

“ಇದ್ವು. ಒಂದು ತಮಾಷೆಯದು ಬಂದಿತ್ತು.”

“ಏನು ತಮಾಷೆ?”

ನವೆಂಬರಿನಿಂದ ಈಚೆಗೆ ದಿಲ್ವಾ ಅವನ ಜೊತೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಒಳ್ಳೆಯ ಹಳೆಯ ವಿನೆಗರು, ಅದರ ಮೇಲೆ ಯಾರೋ ಹಸಿ ರಸ ಸುರಿದದ್ದು, ಮೇಷ್ಟ್ರ ಅಜ್ಜ ಮೊಮ್ಮಗ, ನೀವೆಸ್ ಹೇಳಿದ ಡೀಸೆಲ್. ಎರ್ಮೆಸ್ ಮೊದಲು ಅವಳ ಕಡೆ ತಿರುಗಿ ತಿರುಗಿ ನೋಡುತ್ತಿದ್ದ. ಹೆಂಡತಿ ಮಾತಾಡುತ್ತಿದ್ದಾಳೆಂಬ ಸಂತೋಷ ಅವನ ಮುಖದಲ್ಲಿತ್ತು. ಆಮೇಲೆ ರಸ್ತೆಯನ್ನೇ ನೋಡತೊಡಗಿದ.

“ತಿರುವು ದಾಟಿ ಹೋಯ್ತು,” ಎಂದಳು ದಿಲ್ವಾ.

ಅವನು ಮುಂದೆ ಹೋಗಿ, ಚೆರ್ರಿ ತೋಟದ ಬೇಲಿಯ ಪಕ್ಕ ವ್ಯಾನು ನಿಲ್ಲಿಸಿದ.

“ಅದು ನಾನು.”

“ಏನು ನೀನು?”

“ಸುರಿದದ್ದು.”

ದಿಲ್ವಾಳಿಗೆ ಕೂಡಲೇ ತಿಳಿಯಲಿಲ್ಲ. ಅವನು ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಹೇಳಿದ: “ಮಾರ್ಚಿನಲ್ಲಿ. ನೀನು ಚರ್ಚಿಗೆ ಹೋಗಿದ್ದೆ. ಬೀಗದಕೈ ಮೊಳೆಗೆ ನೇತುಹಾಕಿದ್ದೆ. ನಾನು ಐದರ ಬಾಯಿಯ ಬಟ್ಟೆಯನ್ನೂ ತೆಗೆದು ನೋಡಿದೆ. ಚಿಕ್ಕದು ಎಲ್ಲಕ್ಕಿಂತ ಇಳಿದುಹೋಗಿತ್ತು. ನಮ್ಮ ಕೊಟ್ಟಿಗೆಯಲ್ಲಿ ಸೊರಗಿದ ಕರುವಿಗೆ ಮೊದಲು ಕುಡಿಸ್ತೀವಲ್ಲ, ಹಾಗೇ ಮಾಡಿದೆ. ಅದಕ್ಕೆ ಮೊದಲು, ಅದಕ್ಕೇ ಹೆಚ್ಚು. ಮಿಕ್ಕಿದ್ದನ್ನ ಉಳಿದವಕ್ಕೆ ಹಂಚಿದೆ.”

“ನನ್ನನ್ನ ಕೇಳಬಾರದಿತ್ತಾ?”

“ಕೇಳಿದೆ. ನೀನು ನಾಳೆ ಅಂದೆ.”

ಅದು ನಿಜ. ದಿಲ್ವಾ ಕೋಪ ಬರಬಹುದೆಂದು ಕಾದಳು. ಬರಲಿಲ್ಲ.

“ಸೀಸೆ ಯಾಕೆ ಕಳಿಸಿದೆ?”

“ಇಪ್ಪತ್ತೈದು ತುಂಬ್ತು ಅಂತ. ಹೆಸರು ಬರುತ್ತೆ, ಆಮೇಲೆ ತಂದು ನಿನ್ನ ಮುಂದೆ ಇಡೋಣ ಅಂತಿದ್ದೆ. ಇದು ಅವಳದ್ದು ಅಂತ ಹೇಳಿದರೆ ನೀನು…” ಅವನು ಅವಳ ಕಡೆ ತಿರುಗಿದ. “ನೀನು ಎಷ್ಟು ಅಂಕ ಹಾಕಿದೆ?”

ಅವಳು ಹೇಳಿದಳು. ಅವನು ತಲೆಯಾಡಿಸಿದ.

“ಸರಿಯಾಗೇ ಹಾಕಿದೀಯ,” ಎಂದ.

ಮನೆಗೆ ಬಂದವಳು ಕೋಟನ್ನೂ ತೆಗೆಯದೆ ಅಟ್ಟ ಹತ್ತಿದಳು. ಎರ್ಮೆಸ್ ಹಿಂದೆ ಬಂದ. ಹಂಚಿನ ಕೆಳಗೆ ಆಗಲೇ ಕಾವು ಕೂತಿತ್ತು. ಐದೂ ಸಾಲಾಗಿದ್ದವು. ಬಾಯಿಯ ಮೇಲಿನ ಬಿಳಿ ಬಟ್ಟೆಯ ತುಂಡುಗಳನ್ನು ಅವನು ಮಡಿಕೆ ಬೀಳದಂತೆ ಎಳೆದು ಹಾಕಿದ್ದ. ದಿಲ್ವಾ ಒಂದೊಂದರಿಂದಲೂ ಹನಿ ತೆಗೆದು ನೋಡಿದಳು. ದೊಡ್ಡವಕ್ಕೆ ಬಿದ್ದ ಹಸಿ ರಸವನ್ನು ಅವು ತಡೆದುಕೊಂಡಿದ್ದವು. ಓಕ್ ಪೀಪಾಯಿ ಸ್ವಲ್ಪ ಕಲಕಿತ್ತು, ಕೆಟ್ಟಿರಲಿಲ್ಲ. ಚಿಕ್ಕದರಲ್ಲಿ ಮಾತ್ರ ಅರ್ಧದಷ್ಟು ಹಸಿ. ಆ ರಸವನ್ನು ಹೋದ ಅಕ್ಟೋಬರಿನಲ್ಲಿ ತಾಮ್ರದ ಹಂಡೆಯಲ್ಲಿ ಕಾಯಿಸುವಾಗ ಮಾರ್ಜಿಯಾ ಕೋಲು ಹಿಡಿದು ತಿರುವಿದ್ದಳು. ದಿಲ್ವಾಳಿಗೆ ಅದು ನೆನಪಾಯಿತು. ನೆನಪಾಗಿ ಅಲ್ಲೇ ನಿಂತಿತು, ಮುಂದೆ ಏನೂ ಆಗಲಿಲ್ಲ.

“ಹೀಗೇ ಬಿಟ್ಟರೆ?” ಎಂದ ಎರ್ಮೆಸ್.

“ಬೇಸಿಗೆ ಬಂತಲ್ಲ. ಹಸಿ ರಸ ಹುಳಿತು ಉಬ್ಬುತ್ತೆ. ಆ ವಾಸನೆ ಪೀಪಾಯಿಗೇ ಹಿಡಿದರೆ ಮುಗೀತು.”

“ಮತ್ತೆ?”

“ಚಿಕ್ಕದನ್ನ ಪೂರ್ತಿ ಖಾಲಿ ಮಾಡಬೇಕು. ದೊಡ್ಡದಕ್ಕೆ ಸುರೀಬೇಕು. ಆಮೇಲೆ ಸಾಲಾಗಿ ತುಂಬಿಕೊಂಡು ಬರಬೇಕು.”

ಎರ್ಮೆಸ್ ಚಿಕ್ಕ ಪೀಪಾಯಿಯ ಮೇಲೆ ಕೈಯಿಟ್ಟ. “ಇದರಲ್ಲಿ ಅವಳು ಹುಟ್ಟಿದ ವರ್ಷದ್ದು ಇದೆಯಲ್ಲ. ಅಮ್ಮ ಹಾಕಿದ್ದು.”

“ಇದೆ.”

“ದೊಡ್ಡದಕ್ಕೆ ಸುರಿದರೆ ಅದು ಹೋದ ಹಾಗೇ ಅಲ್ವಾ?”

“ಹೋಗಲ್ಲ. ಎಲ್ಲದರ ಜೊತೆ ಸೇರುತ್ತೆ. ಮತ್ತೆ ಅಲ್ಲಿಂದ ನಡೆದು ಬರುತ್ತೆ.”

“ಎಷ್ಟು ವರ್ಷ?”

“ತುಂಬ.”

“ಹೆಸರು?”

“ಸದ್ಯಕ್ಕಿಲ್ಲ. ನಾವಿರೋ ಹೊತ್ತಿಗೆ ಬರುತ್ತೋ ಇಲ್ಲವೋ.”

ಅವನು ಜೇಬಿನಿಂದ ಒಂದು ಪುಟ್ಟ ಗಾಜಿನ ಸೀಸೆ ತೆಗೆದ. ಹಸುಗಳಿಗೆ ಚುಚ್ಚುವ ಔಷಧಿಯದು, ತೊಳೆದು ಒಣಗಿಸಿದ್ದ. “ಇಷ್ಟು ತೆಗೆದಿಡೋಣ.”

ದಿಲ್ವಾ ಸೀಸೆಯನ್ನು ನೋಡಿದಳು. “ಇಡು ಬೇಕಾದರೆ. ಗಾಜಿನಲ್ಲಿಟ್ಟದ್ದು ಮುಂದಕ್ಕೆ ಹೋಗಲ್ಲ. ಇವತ್ತು ಹೇಗಿದೆಯೋ ಹಾಗೇ ಇರುತ್ತೆ, ಇದೇ ಹಸಿ ವಾಸನೆ.”

ಅವನು ಅದನ್ನು ಬೆರಳ ನಡುವೆ ತಿರುಗಿಸಿ ನೋಡಿದ. ನಂತರ ತುಂಬದೆಯೇ ಜೇಬಿಗೆ ಹಾಕಿಕೊಂಡ.

ದಿಲ್ವಾ ಕೋಟು ತೆಗೆದು ಮೊಳೆಗೆ ಸಿಕ್ಕಿಸಿ, ತೋಳು ಮಡಿಸಿಕೊಂಡು, ದೊಡ್ಡದರ ಬಾಯಿಗೆ ಆಲಿಕೆ ಇಟ್ಟಳು. ಕೈ ಹಾಕುವ ಮುಂಚೆ ಶಿಲುಬೆಯ ಗುರುತು ಮಾಡಿಕೊಂಡಳು. ಅತ್ತೆಯೂ ಹಾಗೇ ಮಾಡುತ್ತಿದ್ದಳು. ಎರ್ಮೆಸ್ ಚಿಕ್ಕ ಪೀಪಾಯಿಯನ್ನು ಎದೆಗವಚಿ ಎತ್ತಿ ವಾಲಿಸಿದ. ಕಪ್ಪು ರಸ ಮೊದಲು ದಾರದಂತೆ, ಆಮೇಲೆ ಹಗ್ಗದಂತೆ ಇಳಿಯಿತು. ಅಟ್ಟವೆಲ್ಲ ಅದರ ವಾಸನೆ. ಎರ್ಮೆಸ್‌ನ ಕೈಯಲ್ಲಿ ಪೀಪಾಯಿ ಓರೆಯಾಯಿತು. ಅವನು ಅಳುತ್ತಿದ್ದ, ಸದ್ದಿಲ್ಲದೆ. ಅವನು ನಿಲ್ಲಿಸುವನೇನೋ ಎಂದು ದಿಲ್ವಾ ಆಲಿಕೆ ಹಿಡಿದುಕೊಂಡೇ ಕಾದಳು.

“ನೇರ ಹಿಡಿ,” ಎಂದಳು ಕೊನೆಗೆ. “ಹೊರಗೆ ಹೋಗ್ತಿದೆ.”

ಅವನು ನೇರ ಹಿಡಿದ.

ಕೊನೆಯ ಹನಿ ಬಿದ್ದ ಮೇಲೆ ಅವಳು ಆಲಿಕೆಯ ಅಂಚನ್ನು ಬೆರಳಿನಿಂದ ಒರೆಸಿ ನೆಕ್ಕಿದಳು. ಜುನಿಪರ್. ಹಸಿ ಸಿಹಿ. ತೀರ ಹಿಂದೆ, ಅತ್ತೆಯ ಕಾಲದ್ದು. ನಾಲಿಗೆ ಎಲ್ಲವನ್ನೂ ತಪ್ಪದೆ ಹೇಳಿತು. ಉಳಿದದ್ದೆಲ್ಲ ಮೊದಲಿದ್ದಂತೆಯೇ ಇತ್ತು.

“ಈಗ ಯಾವುದರಿಂದ?” ಎಂದು ಎರ್ಮೆಸ್ ತೋಳಿನಿಂದ ಮುಖ ಒರೆಸಿಕೊಂಡು ಕೇಳಿದ.

“ಓಕ್. ಓಕ್‌ನಿಂದ ಚಿಕ್ಕದಕ್ಕೆ. ಆಮೇಲೆ ಚೆರ್ರಿಯಿಂದ ಓಕ್‌ಗೆ. ಮುಂದಿನ ಚಳಿಗಾಲಕ್ಕೆ ನೀನೇ ಮಾಡು, ನಾನು ಪಕ್ಕದಲ್ಲಿ ನಿಂತಿರ್ತೀನಿ. ಹೊಸ ರಸ ಯಾವುದಕ್ಕೆ?”

“ದೊಡ್ಡದಕ್ಕೆ.”

“ಚಿಕ್ಕದು ಹಸಿದ ಹಾಗೆ ಕಂಡರೆ?”

ಅವನು ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದ. “ಪಕ್ಕದ್ದು ಕೊಡುತ್ತೆ,” ಎಂದ. ದಿಲ್ವಾ ಓಕ್ ಪೀಪಾಯಿಯ ಬಟ್ಟೆ ತೆಗೆದು ಅವನ ಕೈಗೆ ಕೊಟ್ಟಳು.